ಎಲ್ಲಿಗೂ ಹೋಗಬೇಕಿಲ್ಲದ ಪ್ರಯಾಣಿಕ

ಬಿಬಿಸಿಯ ‘ಗ್ರೇಟ್ ಇಂಡಿಯನ್ ರೈಲ್ವೆ ಜರ್ನೀಸ್’ 2018ರಲ್ಲಿ ಪ್ರಸಾರವಾದ ಸರಣಿ. ನಾಲ್ಕೇ ಕಂತು. ಅದರಲ್ಲೊಂದು ಮೈಸೂರಿನಿಂದ ಚೆನ್ನೈವರೆಗಿನದು. ನಡೆಸಿಕೊಡುವವರು ಮೈಕೆಲ್ ಪೋರ್ಟಿಲೊ. ಒಂದು ಕಾಲದಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ದೊಡ್ಡ ಹೆಸರು, ಮಂತ್ರಿಯಾಗಿದ್ದವರು. ಈಗ ಕಣ್ಣು ಕುಕ್ಕುವ ಬಣ್ಣದ ಜಾಕೆಟ್ಟು ತೊಟ್ಟು ರೈಲು ಹತ್ತಿ ಇಳಿಯುವುದೇ ಅವರ ಗುರುತು. ಕೈಯಲ್ಲಿ 1913ರ ಬ್ರಾಡ್‌ಶಾ ಕೈಪಿಡಿ. ಪುಣೆಯ ನಮ್ಮ ಗೆಳೆಯರ ಬಳಗದಲ್ಲಿರುವ ಮೈಸೂರಿನವರು ಇದನ್ನು ಒಬ್ಬರಿಗೊಬ್ಬರು ಹಂಚಿಕೊಂಡು ಸಂಭ್ರಮಪಟ್ಟರು. ನಮ್ಮೂರು ಬಿಬಿಸಿಯಲ್ಲಿ ಬಂತು ಅಂದರೆ ಯಾರಿಗೆ ಬೇಡ? ನಾನೂ ನೋಡಿದೆ. ನೋಡುವಾಗ ಬೇಜಾರೇನೂ ಆಗಲಿಲ್ಲ. ಪೋರ್ಟಿಲೊ ಹಸನ್ಮುಖಿ, ಪಕ್ಕದಲ್ಲಿ ಕೂತವರನ್ನು ಮಾತಿಗೆಳೆಯುವ ಕಲೆ ಬಲ್ಲವರು, ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳಲು ಹಿಂಜರಿಯದವರು. ಆದರೆ ಮುಗಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಆ ಇಡೀ ಗಾಡಿಯಲ್ಲಿ ಎಲ್ಲಿಗೂ ಹೋಗಬೇಕಾಗಿರದ ಮನುಷ್ಯ ಅಂದರೆ ಇವರೊಬ್ಬರೇ.

ಉಳಿದವರನ್ನು ನೋಡಿ. ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬನಿಗೆ ಕೋರ್ಟಿನ ತಾರೀಖು, ಮತ್ತೊಬ್ಬರಿಗೆ ಆಸ್ಪತ್ರೆ, ತಂಗಿಯ ಮನೆಯ ಗೃಹಪ್ರವೇಶ. ಗಾಡಿ ಎರಡು ಗಂಟೆ ತಡವಾದರೆ ಅವರ ಬದುಕಿನಲ್ಲಿ ಏನೋ ಒಂದು ಅಲ್ಲಾಡುತ್ತದೆ. ನಿರೂಪಕನಿಗೆ ಹಾಗಿಲ್ಲ. ಅವನು ಇಳಿಯಬೇಕಾದ ಸ್ಟೇಷನ್ನನ್ನು ಯಾರೋ ನಿರ್ಮಾಪಕರು ತಿಂಗಳುಗಳ ಹಿಂದೆಯೇ ಗೊತ್ತುಮಾಡಿದ್ದಾರೆ. ಅಲ್ಲೊಬ್ಬ ಕುಶಲಕರ್ಮಿ, ಒಂದು ಅರಮನೆ, ಒಂದು ತಿಂಡಿಯಂಗಡಿ ಅವನಿಗಾಗಿ ಕಾದಿವೆ. ಅವನು ಎದುರಿನವರನ್ನು ‘ನೀವೆಲ್ಲಿಗೆ?’ ಎಂದು ಕೇಳುತ್ತಾನೆ. ನಮ್ಮ ರೈಲುಗಳಲ್ಲಿ ಆ ಪ್ರಶ್ನೆ ಕೇಳಿದವರಿಗೆ ಅದೇ ಪ್ರಶ್ನೆ ತಿರುಗಿ ಬರುವುದು ಸಾಮಾನ್ಯ ಸೌಜನ್ಯ. ಇಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ಕೇಳಿದ್ದರೂ ಎಡಿಟಿಂಗ್ ಟೇಬಲ್ಲಿನಲ್ಲಿ ಹೋಗಿರುತ್ತದೆ, ಯಾಕೆಂದರೆ ಉತ್ತರವೇ ಇಲ್ಲ.

ಈ ಪ್ರಕಾರಕ್ಕೆ ಒಂದು ವಂಶಾವಳಿಯಿದೆ. 1980ರಲ್ಲಿ ಬಿಬಿಸಿ ‘ಗ್ರೇಟ್ ರೈಲ್ವೆ ಜರ್ನೀಸ್ ಆಫ್ ದಿ ವರ್ಲ್ಡ್’ ಎಂಬ ಸರಣಿ ಮಾಡಿತು. ಅದರ ನಿರೂಪಕರಲ್ಲಿ ನಾಟಕಕಾರ ಮೈಕೆಲ್ ಫ್ರೇನ್ ಇದ್ದರು, ಪತ್ರಕರ್ತ ಲುಡೊವಿಕ್ ಕೆನಡಿ ಇದ್ದರು, ಆಗಿನ್ನೂ ಪ್ರವಾಸಿಯೆಂದು ಹೆಸರಾಗಿರದ ಹಾಸ್ಯನಟ ಮೈಕೆಲ್ ಪೇಲಿನ್ ಇದ್ದರು. ನಮ್ಮ ಕಡೆಯ ಕಂತಿನ ಹೆಸರು ‘ಡೆಕ್ಕನ್’: ಲೇಖಕ ಬ್ರಿಯಾನ್ ಥಾಂಪ್ಸನ್ ಬೊಂಬಾಯಿಯಿಂದ ಕೊಚ್ಚಿವರೆಗೆ ಬಂದದ್ದು. ಇವರಲ್ಲಿ ಹೆಚ್ಚಿನವರು ಬರೆಯುವವರು. ಕ್ಯಾಮೆರಾ ಅವರ ಮುಖದ ಮೇಲೆ ನಿಂತರೂ ಅವರ ಮಾತು ಕಿಟಕಿಯ ಹೊರಗೆ ಹೋಗುತ್ತಿತ್ತು. ಅಲ್ಲಿಂದ ಇಲ್ಲಿಯವರೆಗಿನ ನಾಲ್ಕು ದಶಕಗಳಲ್ಲಿ ಬರಹಗಾರರ ಜಾಗಕ್ಕೆ ಕ್ವಿಜ್ ನಡೆಸುವವರು, ನಟನಟಿಯರು, ಮಾಜಿ ರಾಜಕಾರಣಿಗಳು ಬಂದರು. ಸೆಲೆಬ್ರಿಟಿ ಬಂದದ್ದೇ ತಪ್ಪು ಎಂದು ಹೇಳಿ ಮುಗಿಸಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ, ಮತ್ತು ಅದಕ್ಕೆ ಸಾಕ್ಷಿ ಪೋರ್ಟಿಲೊ ಅವರೇ.

1999ರಲ್ಲಿ, ಈ ಬಣ್ಣದ ಜಾಕೆಟ್ಟಿನ ಅವತಾರಕ್ಕಿಂತ ಬಹಳ ಮೊದಲು, ಅವರು ಇದೇ ಬಿಬಿಸಿಯ ಸರಣಿಗಾಗಿ ಸ್ಪೇನಿನಲ್ಲಿ ಗ್ರನಾಡಾದಿಂದ ಸಲಾಮಾಂಕಾಕ್ಕೆ ರೈಲಿನಲ್ಲಿ ಹೋದರು. ಅವರ ತಂದೆ ಲೂಯಿಸ್ ಪೋರ್ಟಿಲೊ ಸಲಾಮಾಂಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಅಂತರ್ಯುದ್ಧದಲ್ಲಿ ಗಣರಾಜ್ಯದ ಪರ ನಿಂತು, ಫ್ರಾಂಕೊ ಗೆದ್ದ ಮೇಲೆ ದೇಶ ಬಿಟ್ಟು ಇಂಗ್ಲೆಂಡಿಗೆ ಬಂದವರು. ಮಗ ಬೆಳೆದು ಬಲಪಂಥೀಯ ಪಕ್ಷದ ಮಂತ್ರಿಯಾದ. ಆ ಮಗ ರೈಲು ಹತ್ತಿ ಅಪ್ಪ ಬಿಟ್ಟುಹೋದ ಊರಿಗೆ ಹೊರಟರೆ ಅದಕ್ಕೆ ದೃಶ್ಯವೈಭವ ಬೇಕೇ? ಅಲ್ಲಿ ಪೋರ್ಟಿಲೊಗೆ ಹೋಗಬೇಕಾದ ಒಂದು ಜಾಗ ಇತ್ತು. ಹೋಗಿ ಮುಟ್ಟಿದಾಗ ಏನು ಕೇಳಬೇಕಾದೀತೋ ಎಂಬ ಅಳುಕೂ ಇದ್ದಿರಬೇಕು. ಮುಂದಿನ ನೂರಾರು ಕಂತುಗಳಲ್ಲಿ ನನಗೆ ಸಿಗದೇ ಹೋದದ್ದು ಅದು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಅನುಭವ ಬೇಕಾದರೆ ‘ಗಂಧದ ಗುಡಿ’ಯನ್ನು ನೆನೆಯಬಹುದು. ರೈಲಿನದಲ್ಲ, ಕಾಡಿನದು. 2022ರ ಅಕ್ಟೋಬರಿನಲ್ಲಿ, ಪುನೀತ್ ರಾಜ್‌ಕುಮಾರ್ ತೀರಿಕೊಂಡು ಒಂದು ವರ್ಷ ತುಂಬುವ ಹೊತ್ತಿಗೆ, ಬಂದ ಸಾಕ್ಷ್ಯಚಿತ್ರ. ಅಮೋಘವರ್ಷ ಅವರ ಜೊತೆ ಕಾಡು ಸುತ್ತಿದ ಆ ಸೂಪರ್‌ಸ್ಟಾರ್ ಸಸ್ಯಶಾಸ್ತ್ರ ಬಲ್ಲವರಲ್ಲ, ಹುಲಿ ತಜ್ಞರಲ್ಲ. ಆದರೂ ಥಿಯೇಟರಿನಲ್ಲಿ ಜನ ಅತ್ತರು. ಸಾವು ಒಂದು ಕಾರಣ, ನಿಜ. ಇನ್ನೊಂದು, ಅಪ್ಪ 1973ರಲ್ಲಿ ಅದೇ ಹೆಸರಿನ ಸಿನಿಮಾದಲ್ಲಿ ಅರಣ್ಯಾಧಿಕಾರಿಯಾಗಿ ನಡೆದ ಕಾಡಿಗೆ ಮಗ ಹೋಗುತ್ತಿದ್ದಾನೆ ಎಂಬುದು. ಜನಪ್ರಿಯ ಮುಖ ಇದ್ದರೆ ದೃಶ್ಯ ಹಾಳಾಗುತ್ತದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಹಾಳಾಗುವುದು ಆ ಮುಖಕ್ಕೆ ದಾರಿಯ ಜೊತೆ ಯಾವ ಲೇವಾದೇವಿಯೂ ಇಲ್ಲದಾಗ.

ಪೋರ್ಟಿಲೊ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಉತ್ತರ ಇಂಗ್ಲೆಂಡಿನ ಸೆಟ್ಲ್–ಕಾರ್ಲೈಲ್ ಮಾರ್ಗ ಇವತ್ತು ಎಲ್ಲ ‘ಸುಂದರ ರೈಲು ಮಾರ್ಗ’ಗಳ ಪಟ್ಟಿಯಲ್ಲೂ ಇರುತ್ತದೆ. ಅದರ ರಿಬ್ಲ್‌ಹೆಡ್ ಸೇತುವೆಯ ಇಪ್ಪತ್ನಾಲ್ಕು ಕಮಾನುಗಳ ಫೋಟೊ ನೀವೂ ನೋಡಿರುತ್ತೀರಿ. ಎಂಬತ್ತರ ದಶಕದಲ್ಲಿ ಆ ಮಾರ್ಗವನ್ನು ಮುಚ್ಚಲು ಹೊರಟಿದ್ದರು. ಜನ ವರ್ಷಗಟ್ಟಲೆ ಹೋರಾಡಿದರು. ಸಲ್ಲಿಸಿದ ಸಾವಿರಾರು ಆಕ್ಷೇಪಣೆಗಳಲ್ಲಿ ಆ ಗಾಡಿಯಲ್ಲಿ ಓಡಾಡುತ್ತಿದ್ದ ಒಂದು ನಾಯಿಯ ಪಂಜದ ಗುರುತೂ ಸೇರಿತ್ತು. 1989ರಲ್ಲಿ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳಿದಾಗ ಸಾರಿಗೆ ಖಾತೆಯ ರಾಜ್ಯಮಂತ್ರಿಯಾಗಿದ್ದವರು ಪೋರ್ಟಿಲೊ. ಒಂದು ಮಾರ್ಗ ಉಳಿಯುವುದು ಹೇಗೆ, ಸಾಯುವುದು ಹೇಗೆ, ಸೇತುವೆ ರಿಪೇರಿಯ ಅಂದಾಜು ಪಟ್ಟಿಯನ್ನು ಯಾರು ಯಾಕೆ ಉಬ್ಬಿಸುತ್ತಾರೆ ಎಂಬುದೆಲ್ಲ ಒಳಗಿನಿಂದ ಗೊತ್ತಿರುವ ಮನುಷ್ಯ. ಅಂಥವರು ಭಾರತಕ್ಕೆ ಬಂದಾಗ ಕೈಯಲ್ಲಿ ಹಿಡಿದದ್ದು ಒಂದು ಹಳೆಯ ಪ್ರವಾಸಿ ಕೈಪಿಡಿಯನ್ನು.

ಕೈಪಿಡಿ ಒಂದು ಆಟದ ಸಾಮಾನಿನಂತೆ ಕಾಣುತ್ತದೆ, ಆದರೆ ಎಲ್ಲಿ ಇಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಅದೇ. 1913ರ ಬ್ರಿಟಿಷ್ ಪ್ರವಾಸಿಗೆ ಮೈಸೂರೆಂದರೆ ಅರಮನೆ ಮತ್ತು ಮಹಾರಾಜ. ಆ ಹಳಿ ಅಲ್ಲಿಗೆ ಹೇಗೆ ಬಂತು ಎಂಬುದು ಅವನಿಗೆ ಬೇಕಿರಲಿಲ್ಲ. ಬೆಂಗಳೂರು–ಮೈಸೂರು ಮಾರ್ಗ ಶುರುವಾದದ್ದು 1876–78ರ ಮಹಾಕ್ಷಾಮದ ಬೆನ್ನಿಗೆ. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ಕಾಲ. ಬದುಕಿ ಉಳಿದವರಿಗೆ ಕೂಲಿ ಸಿಗಲೆಂದು ಮಣ್ಣು ಹೊರಿಸಿ ಎತ್ತರಿಸಿದ ದಾರಿ ಅದು. 1882ರ ಹೊತ್ತಿಗೆ ಗಾಡಿ ಮೈಸೂರು ಮುಟ್ಟಿತು. ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಹೋಗುವಾಗ ಕಿಟಕಿಯಿಂದ ಕಾಣುವುದು ಹಸಿರು, ಅದು ಆಮೇಲೆ ಬಂದ ಕಾಲುವೆ ನೀರಿನ ಹಸಿರು. ಕೆಳಗಿನ ಏರಿಯ ಮಣ್ಣು ಅದಕ್ಕಿಂತ ಹಳೆಯದು. ಇನ್ನೂ ಒಂದು: 1913ರಲ್ಲಿ ಮೈಸೂರಿನಿಂದ ಮದ್ರಾಸಿಗೆ ಒಂದೇ ಡಬ್ಬಿಯಲ್ಲಿ ಕೂತು ಹೋಗಲು ಸಾಧ್ಯವೇ ಇರಲಿಲ್ಲ. ಮೈಸೂರು ಕಡೆಯದು ಮೀಟರ್ ಗೇಜ್, ಮದ್ರಾಸಿನ ಕಡೆಯದು ಬ್ರಾಡ್ ಗೇಜ್. ಬೆಂಗಳೂರಿನಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸಬೇಕು. ಈ ಇಳಿದು ಹತ್ತುವ ಕಷ್ಟ ತೊಂಬತ್ತರ ದಶಕದವರೆಗೂ ನಮ್ಮ ಅಪ್ಪ ಅಮ್ಮಂದಿರ ಪಾಲಿಗಿತ್ತು. ರೈಲಿನ ಬಗೆಗಿನ ಕಾರ್ಯಕ್ರಮ ನೋಡಿ ಎದ್ದಾಗ ನನ್ನ ನೆನಪಿನಲ್ಲಿ ಉಳಿದದ್ದು ಅರಮನೆಯೇ ಹೊರತು ಹಳಿಯಲ್ಲ.

ಈಗ ‘ಸುಂದರ’ ಎಂಬ ಮಾತಿಗೆ ಬರೋಣ. ರೈಲು ಮಾರ್ಗವೊಂದು ಸುಂದರ ಅನ್ನಿಸಿಕೊಳ್ಳುವುದು ಎಲ್ಲಿ? ಬಯಲಿನಲ್ಲಿ ನೆಟ್ಟಗೆ ಓಡುವ ಹಳಿಗೆ ಆ ಬಿರುದನ್ನು ಯಾರೂ ಕೊಡುವುದಿಲ್ಲ. ಬೆಟ್ಟ ಅಡ್ಡ ಬಂದು, ಸುತ್ತಿ ಬಳಸಿ, ಕೊರೆದು, ಕಮಾನು ಕಟ್ಟಿ ಹತ್ತಬೇಕಾದ ಕಡೆ ಮಾತ್ರ ಸಿಗುತ್ತದೆ. ಎಂಜಿನಿಯರಿಗೆ ಎಲ್ಲಿ ಸಮಸ್ಯೆಯೋ ಪ್ರವಾಸಿಗೆ ಅಲ್ಲಿ ನೋಟ. ಪುಣೆಯಲ್ಲಿರುವ ನಮಗೆ ಇದರ ಉದಾಹರಣೆ ಮನೆ ಬಾಗಿಲಲ್ಲೇ ಇದೆ. ಮುಂಬೈ ಆಫೀಸಿಗೆಂದು ಬೆಳಗಿನ ಗಾಡಿ ಹಿಡಿದವರು ಲೋಣಾವಳಾ ದಾಟಿದೊಡನೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ನೋಡುತ್ತಾರೆ. ನೆಟ್‌ವರ್ಕ್ ಹೋಗುತ್ತದೆ ಎಂಬುದೂ ಒಂದು ಕಾರಣ. ಅದು ಭೋರ್ ಘಾಟ್. ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಏರಬೇಕು. ರೈಲಿನ ಲೆಕ್ಕದಲ್ಲಿ ಇದು ಗೋಡೆ ಹತ್ತಿದ ಹಾಗೆ. ಮುಂಬೈಯಿಂದ ಬರುವ ಭಾರದ ಗಾಡಿಗಳಿಗೆ ಇವತ್ತಿಗೂ ಕರ್ಜತ್‌ನಲ್ಲಿ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಹಚ್ಚುತ್ತಾರೆ. ನಾವು ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ತಿನ್ನುವುದು ಆ ಬಿಡುವಿನಲ್ಲಿ. ಅಂದರೆ ಕರ್ಜತ್‌ನ ವಡೆಯ ಖ್ಯಾತಿಯ ಹಿಂದೆಯೂ ಘಾಟಿಯ ಏರಿದೆ.

ಈ ಘಾಟಿಯ ಕೆಲಸ ಶುರುವಾದದ್ದು 1856ರಲ್ಲಿ, ಗಾಡಿ ಓಡಿದ್ದು 1863ರಲ್ಲಿ. ಇಪ್ಪತ್ತೈದು ಸುರಂಗ. ಬಂಡೆಗೆ ಮದ್ದು ಇಡಲು ಹಗ್ಗ ಕಟ್ಟಿಕೊಂಡು ಪ್ರಪಾತದ ಮೇಲೆ ತೂಗಾಡುತ್ತಿದ್ದ ಕೂಲಿಗಳು, ಮಳೆಗಾಲ, ಕಾಲರಾ. ಸಾವಿರಗಟ್ಟಲೆ ಜನ ಸತ್ತರು, ಹೆಸರು ಬರೆದಿಟ್ಟವರಿಲ್ಲ. 1859ರ ಜನವರಿಯಲ್ಲಿ ಫೇವಿಯೆಲ್ ಎಂಬ ಗುತ್ತಿಗೆದಾರನ ಕೆಳಗೆ ಕೂಲಿ ಬಾಕಿಗಾಗಿ ದಂಗೆಯೇ ಆಯಿತು, ಅವನು ಗುತ್ತಿಗೆ ಬಿಟ್ಟ. ಅವನ ನಂತರ ಇಂಗ್ಲೆಂಡಿನಿಂದ ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ವಾರಗಳಲ್ಲಿ ತೀರಿಕೊಂಡ. ಗುತ್ತಿಗೆಯನ್ನು ಕೈಗೆತ್ತಿಕೊಂಡು ಘಾಟಿಯನ್ನು ಮುಗಿಸಿದ್ದು ಅವನ ಹೆಂಡತಿ ಆಲಿಸ್. ನಾನು ಕೆಲಸದಲ್ಲಿ ದಿನವೂ ಗಡುವು, ಬಾಕಿ, ನಡುವೆ ಕೈಬಿಟ್ಟುಹೋದ ವೆಂಡರ್ ಎಂದು ಒದ್ದಾಡುವವನು, ಅದಕ್ಕೇ ಈ ಕಥೆ ನನ್ನನ್ನು ಹಿಡಿದಿರಬಹುದು. ಆದರೂ ಕೇಳುತ್ತೇನೆ: ಬಾಕಿ ಕೂಲಿಯ ದಂಗೆ, ಗಂಡ ಸತ್ತ ಪರದೇಶದಲ್ಲಿ ಘಾಟಿ ಕಟ್ಟಲು ನಿಂತ ಹೆಂಗಸು, ಟಿವಿಗೆ ಇದಕ್ಕಿಂತ ರೋಚಕ ಏನು ಬೇಕು? ಆದರೆ ಇದಕ್ಕೆ ಡ್ರೋನ್ ಶಾಟ್ ಇಲ್ಲ.

ಕೊಂಕಣ ರೈಲ್ವೆಯದೂ ಇದೇ ಪಾಡು. ಬ್ರಿಟನ್ನಿನ ಕ್ವಿಜ್ ನಿರೂಪಕ ಕ್ರಿಸ್ ಟ್ಯಾರಂಟ್ ತಮ್ಮ ‘ಎಕ್ಸ್‌ಟ್ರೀಮ್ ರೈಲ್ವೇಸ್’ ಸರಣಿಯಲ್ಲಿ ಮಳೆಗಾಲದ ಕೊಂಕಣ ಮಾರ್ಗಕ್ಕೆ ಬಂದಿದ್ದರು. ಎಕ್ಸ್‌ಟ್ರೀಮ್ ಎಂದರೆ ಯಾರಿಗೆ? ಮುಂಬೈ, ಪನ್ವೇಲ್‌ಗಳಲ್ಲಿರುವ ಕಾರವಾರ, ಕುಂದಾಪುರ, ಉಡುಪಿಯ ಕುಟುಂಬಗಳಿಗೆ ಅದು ಊರಿನ ದಾರಿ. 1998ರ ಜನವರಿಯಲ್ಲಿ ಪೂರ್ತಿ ತೆರೆದುಕೊಳ್ಳುವ ಮೊದಲು ಅವರೆಲ್ಲ ಬಸ್ಸಿನಲ್ಲಿ ಹಗಲು ರಾತ್ರಿ ಅಲುಗಾಡಿ ಊರು ಮುಟ್ಟುತ್ತಿದ್ದರು. ಆ ಹಳಿ ಹಾಸುವಾಗ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು, ರತ್ನಾಗಿರಿಯಲ್ಲಿ ಅವರ ಸ್ಮಾರಕವಿದೆ. 2003ರ ಜೂನಿನಲ್ಲಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾಕಾಲದ ವಿಶೇಷ ಗಾಡಿ ವೈಭವವಾಡಿಯ ಬಳಿ ಕುಸಿದ ಬಂಡೆಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಹೋದರು. ಮರುವರ್ಷ ಅದೇ ತಿಂಗಳಲ್ಲಿ ಮತ್ಸ್ಯಗಂಧಾ ಹಳಿ ತಪ್ಪಿತು. ಇವತ್ತು ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇದೆ, ವೇಗ ಕಡಿಮೆ, ರಾತ್ರಿಯಿಡೀ ಟಾರ್ಚ್ ಹಿಡಿದು ಹಳಿಯ ಮೇಲೆ ನಡೆಯುವ ಗಸ್ತಿನವರಿದ್ದಾರೆ. ಕಿಟಕಿಯಿಂದ ಜಲಪಾತ ನಿಧಾನವಾಗಿ, ಕಣ್ತುಂಬ ಕಾಣುವುದು ಗಾಡಿ ನಿಧಾನವಾಗಿ ಹೋಗುವುದರಿಂದ. ಗಾಡಿ ನಿಧಾನವಾಗಿರುವುದು ಆ ಸಾವುಗಳಿಂದ. ಮಳೆಯಲ್ಲಿ ನೆನೆಯುತ್ತ ಕ್ಯಾಮೆರಾಕ್ಕೆ ಬೆರಗು ತೋರಿಸುವವನು ಒಬ್ಬ, ಅದೇ ಮಳೆಯಲ್ಲಿ ಎಂಟು ತಾಸು ನಡೆದು ಸಂಬಳಕ್ಕೆ ಸಹಿ ಹಾಕುವವನು ಇನ್ನೊಬ್ಬ. ಎಕ್ಸ್‌ಟ್ರೀಮ್ ಎಂಬ ಶೀರ್ಷಿಕೆ ಸಿಗುವುದು ಮೊದಲನೆಯವನಿಗೆ.

ಸಾಫ್ಟ್‌ವೇರಿನವರಿಗೆ ಡೆಮೊ ಎಂದರೆ ಗೊತ್ತು. ಯಾವ ಬಟನ್ ಒತ್ತಬಾರದು ಎಂದು ಮೊದಲೇ ಹೇಳಿಟ್ಟು, ಕೆಲಸ ಮಾಡುವ ಒಂದೇ ದಾರಿಯಲ್ಲಿ ಗಿರಾಕಿಯನ್ನು ನಡೆಸಿಕೊಂಡು ಹೋಗುವುದು. ಈ ಕಾರ್ಯಕ್ರಮಗಳು ರೈಲಿನ ಡೆಮೊಗಳು.

ಬೇರೆ ರೀತಿ ಮಾಡಲು ಸಾಧ್ಯವಿಲ್ಲವೇ? ಅದೇ ಬಿಬಿಸಿ ಮಾಡಿದೆ. 2010ರ ‘ಇಂಡಿಯನ್ ಹಿಲ್ ರೈಲ್ವೇಸ್’ ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ ಮಾರ್ಗಗಳ ಮೇಲಿನ ಮೂರು ಚಿತ್ರಗಳು. ಮೂರೂ ಯುನೆಸ್ಕೊ ಪಟ್ಟಿಯ ಮಾರ್ಗಗಳು, ಪೋಸ್ಟ್‌ಕಾರ್ಡಿನಷ್ಟು ಚೆಂದದವು. ಆದರೆ ತೆರೆಯ ಮೇಲೆ ನಮ್ಮ ಕೈಹಿಡಿದು ನಡೆಸುವ ಪ್ರಸಿದ್ಧರು ಯಾರೂ ಇಲ್ಲ. ಗಾಡಿ ನಡೆಸುವವರು, ಸ್ಟೇಷನ್ ನೋಡಿಕೊಳ್ಳುವವರು, ಹಳಿಯ ಪಕ್ಕ ಬದುಕು ಕಟ್ಟಿಕೊಂಡವರು ತಮ್ಮ ಪಾಡಿಗೆ ತಾವು ಮಾತಾಡುತ್ತಾರೆ. ವರ್ಗಾವಣೆ, ಬಡ್ತಿ, ಮಗಳ ಓದು. ಬೆಟ್ಟ ಹಿನ್ನೆಲೆಯಲ್ಲಿ ತಾನಾಗಿ ಕಾಣುತ್ತದೆ. ಇನ್ನೊಂದು ತುದಿಯಲ್ಲಿ ನಾರ್ವೆಯ ಸಾರ್ವಜನಿಕ ಟಿವಿ. 2009ರ ನವೆಂಬರಿನಲ್ಲಿ ಬೆರ್ಗೆನ್–ಓಸ್ಲೊ ಮಾರ್ಗಕ್ಕೆ ನೂರು ವರ್ಷವಾದಾಗ ಅವರು ಇಡೀ ಏಳು ಗಂಟೆಯ ಪ್ರಯಾಣವನ್ನು ಒಂದು ನಿಮಿಷವೂ ಕತ್ತರಿಸದೆ ತೋರಿಸಿದರು. ಸುರಂಗ ಬಂದಾಗ ಪರದೆ ಕತ್ತಲಾಗುತ್ತದಲ್ಲ, ಆಗ ಮಾರ್ಗದ ಹಳೆಯ ಚಿತ್ರಗಳನ್ನು ಹಾಕಿದರು. ನಾರ್ವೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದರ ಒಂದಲ್ಲ ಒಂದು ಭಾಗ ನೋಡಿದರು. ನಾನು ಒಂದು ಭಾನುವಾರ ಎರಡು ಗಂಟೆ ನೋಡಿದೆ, ಅದರಲ್ಲಿ ಅರ್ಧ ಗಂಟೆ ನಿದ್ದೆ. ರೈಲಿನಲ್ಲಿ ಕೂತಾಗಲೂ ಅದೇ ಪ್ರಮಾಣ, ಆದ್ದರಿಂದ ದೂರಿಲ್ಲ.

ನಮ್ಮಲ್ಲೂ ಇದೆ. ಶ್ಯಾಮ್ ಬೆನೆಗಲ್ 1986ರಲ್ಲಿ ದೂರದರ್ಶನಕ್ಕೆ ‘ಯಾತ್ರಾ’ ಮಾಡಿದರು. ಆಗ ಕನ್ಯಾಕುಮಾರಿಯಿಂದ ಜಮ್ಮುವಿಗೆ ಹೋಗುತ್ತಿದ್ದ ಹಿಮಸಾಗರ್ ಎಕ್ಸ್‌ಪ್ರೆಸ್ ಅದರ ರಂಗಸ್ಥಳ, ಕರ್ತವ್ಯಕ್ಕೆ ಮರಳುವ ಸೈನಿಕನಾಗಿ ಓಂ ಪುರಿ. ದುಡ್ಡು ಹಾಕಿದ್ದು ರೈಲ್ವೆಯೇ; ಅಂದರೆ ಅದೂ ಒಂದು ಬಗೆಯ ಜಾಹೀರಾತು. ಆದರೂ ಅಲ್ಲಿ ಪ್ರತಿ ಪಾತ್ರಕ್ಕೂ ಇಳಿಯಬೇಕಾದ ಸ್ಟೇಷನ್ ಇದೆ, ಮತ್ತು ಇಳಿದ ಮೇಲೆ ಏನಾದೀತು ಎಂಬ ಚಿಂತೆಯಿದೆ. ಪುಣೆಗೆ ಬಂದ ಮೇಲೆ ಮರಾಠಿ ಸಹೋದ್ಯೋಗಿಗಳ ಒತ್ತಾಯಕ್ಕೆ ನಾನು ಕೇಳಿಸಿಕೊಂಡ ಪು.ಲ. ದೇಶಪಾಂಡೆಯವರ ‘ಮ್ಹೈಸ್’ ಕೂಡ ಇದೇ ಜಾತಿಯದು. ಅದು ರೈಲಲ್ಲ, ಎಸ್‌ಟಿ ಬಸ್ಸು. ರತ್ನಾಗಿರಿಯ ದಾರಿಯಲ್ಲಿ ಒಂದು ಎಮ್ಮೆಗೆ ಬಡಿದು ನಿಲ್ಲುತ್ತದೆ, ಅಷ್ಟೇ ಕಥೆ. ಹೇಳುವವರು ಮಹಾರಾಷ್ಟ್ರದ ಅತಿ ದೊಡ್ಡ ಸೆಲೆಬ್ರಿಟಿ. ಆದರೆ ನಿಂತ ಬಸ್ಸಿನಲ್ಲಿ ಅವರೂ ಸಿಕ್ಕಿಹಾಕಿಕೊಂಡಿದ್ದಾರೆ, ಅವರಿಗೂ ಹೋಗಬೇಕಾಗಿದೆ.

ಕನ್ನಡ ಚಾನೆಲ್ಲುಗಳಲ್ಲಿ ನೆನಪಿಟ್ಟುಕೊಳ್ಳುವಂಥ ರೈಲು ಸರಣಿ ನನ್ನ ಕಣ್ಣಿಗೆ ಬಿದ್ದಿಲ್ಲ. ರೈಲಿನ ನೆನಪಾಗಿ ನಮಗಿರುವುದು ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’. ಅದಕ್ಕಾಗಿ ಮಾಲ್ಗುಡಿ ಸ್ಟೇಷನ್ ಆದ ಅರಸಾಳು 2020ರಿಂದ ವಸ್ತುಸಂಗ್ರಹಾಲಯವೂ ಹೌದು. ಇಲ್ಲದ ಊರಿನ ಸ್ಟೇಷನ್ ನೋಡಲು ಜನ ಇರುವ ಊರಿಗೆ ಬರುತ್ತಾರೆ. ಚೆಂದವೇ. ಆದರೆ ನನ್ನ ತಕರಾರು ಟಿವಿಯಲ್ಲೇ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ಕಾರ್ಯಕ್ರಮಗಳ ಕಣ್ಣು ಈಗ ಗಾಡಿಯ ಡಬ್ಬಿಯಾಗಿ ಬಂದಿದೆ. ಅದರ ಹೆಸರು ವಿಸ್ಟಾಡೋಮ್. ಗಾಜಿನ ಮಾಡು, ದೊಡ್ಡ ಕಿಟಕಿ, ತಿರುಗುವ ಕುರ್ಚಿ, ನಲವತ್ನಾಲ್ಕ ಜನ. 2021ರ ಜೂನಿನಲ್ಲಿ ನಮ್ಮ ಡೆಕ್ಕನ್ ಎಕ್ಸ್‌ಪ್ರೆಸ್‌ಗೆ ಬಂತು, ಆಗಸ್ಟಿನಲ್ಲಿ ಡೆಕ್ಕನ್ ಕ್ವೀನ್‌ಗೆ. ನಡುವೆ ಜುಲೈಯಲ್ಲಿ ಯಶವಂತಪುರ–ಮಂಗಳೂರು ಹಗಲು ಗಾಡಿಗೆ. ಅದರಲ್ಲಿ ಕೂತವನು ಟಿವಿ ನಿರೂಪಕನ ಸೀಟಿನಲ್ಲಿ ಕೂತಂತೆ. ಕೈಯಲ್ಲಿ ಮೊಬೈಲು, ಮುಖ ಅರ್ಧ, ಹಿಂದೆ ಕಣಿವೆ. ನಾನೂ ಕೂತಿದ್ದೇನೆ, ಚೆನ್ನಾಗಿಯೇ ಇರುತ್ತದೆ, ತೆಗಳುವ ಉದ್ದೇಶವಿಲ್ಲ.

ಆದರೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಕಥೆ ಕೇಳಿ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ತೆರೆಯಿತು. 1996ರಲ್ಲಿ ಗೇಜ್ ಬದಲಿಸಲೆಂದು ಮುಚ್ಚಿದರು. ಪ್ರಯಾಣಿಕರ ಗಾಡಿ ಮತ್ತೆ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಕರಾವಳಿಯವರು ಶಿರಾಡಿ ಘಾಟಿಯ ಗುಂಡಿಗಳಲ್ಲಿ ಬಸ್ಸಿನಲ್ಲಿ ಕುಲುಕಿದರು. ಅದೇ ಹನ್ನೊಂದು ವರ್ಷಗಳಲ್ಲಿ ಬೆಂಗಳೂರಿನ ನಮ್ಮ ಜಾತಿಯವರು, ಅಂದರೆ ಐಟಿಯವರು, ಗಾಡಿಯಿಲ್ಲದ ಹಳಿಯ ಮೇಲೆ ವಾರಾಂತ್ಯದಲ್ಲಿ ನಡೆಯತೊಡಗಿದರು. ‘ಹಸಿರು ಮಾರ್ಗ’ದ ಚಾರಣ ಎಂದು ಅದು ಪ್ರಸಿದ್ಧವಾಯಿತು. ಗಾಡಿ ನಿಂತಾಗಲೇ ಮಾರ್ಗ ಸುಂದರವಾದದ್ದು! ಈಗ ಹಳಿಯ ಮೇಲೆ ನಡೆದರೆ ಪೊಲೀಸರು ಹಿಡಿಯುತ್ತಾರೆ. ದೂಧಸಾಗರದ ಕಡೆ 2023ರ ಜುಲೈನಲ್ಲಿ ಹಾಗೆ ಸಿಕ್ಕವರಿಗೆ ಬಸ್ಕಿ ಹೊಡೆಸಿದ ವೀಡಿಯೊ ನೀವು ನೋಡಿರಬೇಕು.

ಒಂದೇ ಹಳಿ, ಕಡಿದಾದ ಏರು, ಗಂಟೆಗೆ ಮೂವತ್ತು ಕಿಲೋಮೀಟರಿನ ಮಿತಿ. ಎಷ್ಟು ಗಾಡಿ ಬಿಡಬಹುದು ಎಂಬುದಕ್ಕೆ ಲೆಕ್ಕವಿದೆ. ನೋಟ ಬೇಕಾದವರಿಗೆ ಹಗಲು ಗಾಡಿ ಬೇಕು. ಕಛೇರಿ, ಕಾಲೇಜು, ಆಸ್ಪತ್ರೆಗೆ ಹೋಗುವವರಿಗೆ ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ಗಾಡಿ ಬೇಕು. ರಾತ್ರಿ ಗಾಡಿಯವರು ಆ ಘಾಟಿಯನ್ನು ವರ್ಷಕ್ಕೆ ಹತ್ತು ಸಲ ದಾಟಿದರೂ ಒಮ್ಮೆಯೂ ನೋಡಿರುವುದಿಲ್ಲ. ಸುರಂಗದಲ್ಲಿ ಸದ್ದು ಬದಲಾದಾಗ ಮಗ್ಗುಲು ಬದಲಿಸುತ್ತಾರೆ, ಅಷ್ಟೆ. ಆ ಮಾರ್ಗದ ಬಗ್ಗೆ ಮಾತಾಡುವ ಹಕ್ಕು ಯಾರಿಗೆ ಹೆಚ್ಚು ಎಂದು ಕೇಳಿದರೆ ನನ್ನ ಓಟು ನಿದ್ದೆ ಮಾಡಿದವರಿಗೆ. ಆದರೆ ಸುದ್ದಿಯಲ್ಲಿ, ರೀಲ್ಸಿನಲ್ಲಿ, ಪ್ರವಾಸೋದ್ಯಮದ ಭಾಷಣಗಳಲ್ಲಿ ಘಾಟಿಯೆಂದರೆ ಗಾಜಿನ ಮಾಡಿನ ಡಬ್ಬಿ. 2024ರ ಜುಲೈ ಕೊನೆಗೆ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಸುಮಾರು ಎರಡು ವಾರ ಗಾಡಿ ನಿಂತಿತು. ಮೋಟಾರು ರಸ್ತೆಯಿಲ್ಲದ ಆ ಕಾಡಿಗೆ ಕಲ್ಲು, ಮರಳಚೀಲ, ಯಂತ್ರ, ಅನ್ನ ಎಲ್ಲವನ್ನೂ ಹಳಿಯ ಮೇಲೇ ಸಾಗಿಸಿ, ಮಳೆಯಲ್ಲಿ ನೂರಾರು ಜನ ಹಗಲಿರುಳು ದುಡಿದು ಇಳಿಜಾರಿಗೆ ಗೋಡೆ ಕೊಟ್ಟರು. ಅದರ ಒಂದೆರಡು ನಿಮಿಷದ ತುಣುಕುಗಳು ಸುದ್ದಿಯಲ್ಲಿ ಬಂದವು. ನನ್ನ ಪ್ರಕಾರ ಆ ಮಾರ್ಗದ ಬಗ್ಗೆ ಬಂದ ಅತ್ಯುತ್ತಮ ಕಾರ್ಯಕ್ರಮ ಆ ತುಣುಕುಗಳೇ.

ಕನ್ನಡದಲ್ಲಿ ಯಾರಾದರೂ ಇಂಥದೊಂದು ಸರಣಿ ಮಾಡುವುದಾದರೆ, ಘಾಟಿ ಆಮೇಲೆ ಬರಲಿ, ಮಿರಜದಿಂದ ಶುರುಮಾಡಲಿ ಎಂದು ನನ್ನ ಆಸೆ. ನೋಡಲು ಅಲ್ಲೇನೂ ಇಲ್ಲ. ಆದರೆ ಒಂದು ಕಾಲಕ್ಕೆ ಬ್ರಾಡ್, ಮೀಟರ್, ನ್ಯಾರೊ ಮೂರೂ ಗೇಜುಗಳು ಸೇರುತ್ತಿದ್ದ ಜಂಕ್ಷನ್ ಅದು. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಪುಣೆ–ಮುಂಬೈಗೆ ಹೊರಟ ಎರಡು ತಲೆಮಾರಿನ ಕನ್ನಡಿಗರು ಟ್ರಂಕು ಹೊತ್ತು ಗಾಡಿ ಬದಲಿಸಿದ್ದು ಅಲ್ಲಿ. 1933ರಲ್ಲಿ ಗದಗಿನಿಂದ ಮನೆ ಬಿಟ್ಟು ಓಡಿದ ಹನ್ನೊಂದು ವರ್ಷದ ಹುಡುಗನೊಬ್ಬ ಟಿಕೆಟ್ಟಿಲ್ಲದೆ, ಡಬ್ಬಿಯಲ್ಲಿದ್ದವರಿಗೆ ಹಾಡಿ ತೋರಿಸುತ್ತ, ಗುರುವನ್ನು ಹುಡುಕುತ್ತ ಊರೂರು ಅಲೆದ; ಆಮೇಲೆ ಪುಣೆಯವನೇ ಆದ. ಭೀಮಸೇನ ಜೋಶಿಯವರ ಬದುಕಿನ ಬಗ್ಗೆ ಬರೆದವರೆಲ್ಲ ಹೇಳುವ ಕಥೆ ಇದು. ಆ ಹುಡುಗನಿಗೆ ಹುಚ್ಚು ಹಿಡಿಸಿದ ದನಿ ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರದು. ಖಾನ್ ಸಾಹೇಬರು 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟವರು, ದಾರಿಯಲ್ಲಿ ಮೈ ಸರಿಯಿಲ್ಲವೆಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಮೇಲೆಯೇ ತೀರಿಕೊಂಡರು.

ನಿರೂಪಕರಾಗಿ ಯಾವ ನಟ ಬಂದರೂ ನನಗೆ ಅಭ್ಯಂತರವಿಲ್ಲ. ಒಂದೇ ಷರತ್ತು. ಪುಣೆಯಿಂದ ಹುಬ್ಬಳ್ಳಿ ಕಡೆಗೆ ಹೋಗುವ ರಾತ್ರಿ ಗಾಡಿಯಲ್ಲಿ, ದೀಪಾವಳಿಯ ವಾರ, ಅವರಿಗೆ ಆರ್‌ಎಸಿ ಟಿಕೆಟ್ ಕೊಡಬೇಕು. ಸೈಡ್ ಲೋವರ್‌ನ ಅರ್ಧ ಸೀಟು. ಎದುರಿನ ಅರ್ಧದಲ್ಲಿ ಕೂತವರು ಮೀರಜ್ ದಾಟುವ ಹೊತ್ತಿಗೆ ಕಾಲು ಎಲ್ಲಿಡುವುದೆಂದು ಜಗಳ ತೆಗೆಯುತ್ತಾರೆ, ಬೆಳಗಾವಿ ಬರುವಷ್ಟರಲ್ಲಿ ಚಪಾತಿ ಬಿಚ್ಚಿ ಕೊಡುತ್ತಾರೆ, ಆಮೇಲೆ ಕೇಳೇ ಕೇಳುತ್ತಾರೆ: ‘ನೀವು ಎಲ್ಲಿಗೆ ಹೊಂಟೀರಿ?’